ಶಿಕಾಗೊದ ಹಿಂಸೆಯ ಬಡಾವಣೆಗಳಲ್ಲಿ ಬೆಳೆಯುವ ಹುಡುಗರನ್ನು ರ‍್ಯಾಪ್ ಕಾಪಾಡುತ್ತದಾ?

ಕೆಲವರನ್ನು ಕಾಪಾಡಿದೆ. ಕೆಲವರನ್ನು ಇನ್ನಷ್ಟು ಅಪಾಯಕ್ಕೆ ದೂಡಿದೆ.

ರ‍್ಯಾಪ್ ಶುರುಮಾಡಲು ಜಾಸ್ತಿ ದುಡ್ಡು ಬೇಡ. ಒಂದು ಮೈಕ್, ಇಂಟರ್‌ನೆಟ್‌ನಲ್ಲಿ ಸಿಗುವ ಬೀಟ್ (ಹಾಡಿನ ಹಿನ್ನೆಲೆ ಸಂಗೀತ), ಒಂದು ಕ್ಯಾಮೆರಾ ಇದ್ದರೆ ಆಯಿತು. 2010ರ ಆಸುಪಾಸಿನಲ್ಲಿ ನಗರದ ಸೌತ್ ಸೈಡ್‌ನಲ್ಲಿ ‘ಡ್ರಿಲ್’ ಎಂಬ ರ‍್ಯಾಪ್ ಶೈಲಿ ಬೆಳೆದಿದ್ದು ಹೀಗೆ. ಅಲ್ಲಿನ ರ‍್ಯಾಪರ್ ಚೀಫ್ ಕೀಫ್ ಗೃಹಬಂಧನದಲ್ಲಿದ್ದಾಗ ಅಜ್ಜಿಯ ಮನೆಯಲ್ಲೇ ವಿಡಿಯೊ ಮಾಡಿದ. 2012ರಲ್ಲಿ, ಇನ್ನೂ 16 ವರ್ಷದವನಿದ್ದಾಗ, ಇಂಟರ್‌ಸ್ಕೋಪ್ ಸಂಗೀತ ಕಂಪನಿಯ ಜೊತೆ ಒಪ್ಪಂದವಾಯಿತು. ಇದನ್ನು ಕಂಡ ಪಕ್ಕದ ಬೀದಿಯ ಹುಡುಗನಿಗೂ ಆಸೆ ಹುಟ್ಟುವುದು ಸಹಜ ಅಲ್ವಾ?

ತೊಂದರೆ ಇರುವುದು ಹಾಡಿನ ಒಳಗೆ. ಎದುರು ಗುಂಪಿನವರ ಹೆಸರು, ಸತ್ತವರ ಹೆಸರು ಹಿಡಿದು ಹಂಗಿಸುವ ಸಾಲುಗಳು ಬೇಗ ಹರಡುತ್ತವೆ. ದೂರದಲ್ಲಿ ಕೂತು ನೋಡುವವರಿಗೆ ಅದು ಮನರಂಜನೆ. ಹಾಡಿದವನು ಮಾತ್ರ ಮಾರನೇ ದಿನ ಅದೇ ಬೀದಿಯಲ್ಲಿ ಓಡಾಡಬೇಕು. ಹೆಸರು ಬಂದು ಊರು ಬಿಟ್ಟರೂ ಹಗೆ ಬಿಡುವುದಿಲ್ಲ. ಶಿಕಾಗೊದ ರ‍್ಯಾಪರ್ ಕಿಂಗ್ ವಾನ್ 2020ರಲ್ಲಿ ಅಟ್ಲಾಂಟಾದಲ್ಲಿ ಗುಂಡೇಟಿಗೆ ಬಲಿಯಾದಾಗ ಬರೀ 26 ವರ್ಷ.

ಅಮೆರಿಕದ ಕೋರ್ಟುಗಳಲ್ಲಿ ಹಾಡಿನ ಸಾಲುಗಳನ್ನೇ ಸಾಕ್ಷಿಯಾಗಿ ಬಳಸಿದ್ದೂ ಇದೆ. ಇದು ಅನ್ಯಾಯ ಅಂತ ನನಗನಿಸುತ್ತದೆ. ಕೊಲೆಯ ಕಥೆ ಬರೆದ ಕಾದಂಬರಿಕಾರನನ್ನು ಯಾರೂ ಹಾಗೆ ನೋಡುವುದಿಲ್ಲ. ಕ್ಯಾಲಿಫೋರ್ನಿಯಾ 2022ರಲ್ಲಿ ಇದಕ್ಕೆ ಕಡಿವಾಣ ಹಾಕುವ ಕಾನೂನು ತಂದಿತು.

ನಿಜಕ್ಕೂ ನೆರವಾಗುವುದು ಬೀದಿಯಿಂದಾಚೆ ಹಾಡಲು ಒಂದು ಜಾಗ. ಸೌತ್ ಸೈಡ್‌ನವನೇ ಆದ ಚಾನ್ಸ್ ದಿ ರ‍್ಯಾಪರ್ ಪಳಗಿದ್ದು ಶಿಕಾಗೊದ ಸಾರ್ವಜನಿಕ ಗ್ರಂಥಾಲಯದ ‘ಯೂಮೀಡಿಯಾ’ ಕೇಂದ್ರದಲ್ಲಿ. ಅಲ್ಲಿ ಹದಿಹರೆಯದವರಿಗೆ ರೆಕಾರ್ಡಿಂಗ್ ಉಚಿತ, ತಿದ್ದಿ ಹೇಳುವ ಹಿರಿಯರೂ ಇರುತ್ತಾರೆ.