ಸುತ್ತಲಿನ ಲೋಕವೇ ಅಲ್ಲಾಡುವಾಗ ಕ್ರೈಸ್ತ ನಂಬಿಕೆಯಿಂದ ಮನಸ್ಸಿನ ಸಮತೋಲನ ಕಾಯ್ದುಕೊಳ್ಳುವುದು ಹೇಗೆ?

"ಪ್ರಾರ್ಥನೆ ಮಾಡಿ, ಎಲ್ಲ ಸರಿಹೋಗುತ್ತೆ" ಎಂಬ ಉತ್ತರ ನಿಮಗೆ ಈಗಾಗಲೇ ಸಿಕ್ಕಿರುತ್ತದೆ. ಅದಕ್ಕಿಂತ ಕೈಗೆಟಕುವ ದಾರಿ ಸಂತ ಇಗ್ನೇಷಿಯಸ್ ಲೊಯೋಲಾ ಅವರದು. (ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಶುರುಮಾಡಿದ ಯೇಸುಸಭೆ (ಜೆಸ್ವಿಟ್) ಎಂಬ ಕ್ಯಾಥೋಲಿಕ್ ಧಾರ್ಮಿಕ ಸಂಘವನ್ನು ಕಟ್ಟಿದವರು ಇವರೇ.)

1521ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಯುದ್ಧ ಮಾಡುವಾಗ ತೋಪಿನ ಗುಂಡು ಬಡಿದು ಅವರ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಆಗ ಅವರು ಒಂದು ವಿಷಯ ಗಮನಿಸಿದರು: ದರ್ಬಾರು, ಶೌರ್ಯದ ಹಗಲುಗನಸು ಆ ಹೊತ್ತಿಗೆ ಹಿತ, ಆಮೇಲೆ ಬರೀ ಬೇಸರ. ಕ್ರಿಸ್ತನ, ಸಂತರ ಬದುಕನ್ನು ಓದಿ ಧ್ಯಾನಿಸಿದರೆ ಮಾತ್ರ ನೆಮ್ಮದಿ ಆಮೇಲೂ ಉಳಿಯುತ್ತಿತ್ತು. ಭಾವನೆ ಬಂದಾಗ ಹೇಗಿತ್ತು ಅನ್ನುವುದಕ್ಕಿಂತ ಹೋದ ಮೇಲೆ ಏನು ಉಳಿಸಿತು ಅಂತ ನೋಡುವುದು ಅವರ ಕ್ರಮವಾಯಿತು.

ಇದರಿಂದ ಹುಟ್ಟಿದ ಒಂದು ನಿಯಮ ನನಗೆ ಬಹಳ ಬೆಲೆಯುಳ್ಳದ್ದು ಅನ್ನಿಸುತ್ತದೆ. ಮನಸ್ಸು ಕುಗ್ಗಿ, ದೇವರು ದೂರ ಸರಿದಂತೆ ಅನ್ನಿಸುವಾಗ, ಶಾಂತವಾಗಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಸುದ್ದಿ ನೋಡಿ ಗಾಬರಿಯಾಗಿ ರಾತ್ರಿ ಹನ್ನೊಂದಕ್ಕೆ ರಾಜೀನಾಮೆ ಟೈಪ್ ಮಾಡುವವರಿಗೆ ಇದು ಸಾಕು.

ಮಲಗುವ ಮುನ್ನ ಹತ್ತು ಹದಿನೈದು ನಿಮಿಷ ಕೂತು ಅವರು ಹೇಳಿದ ಆತ್ಮಪರೀಕ್ಷೆ ಮಾಡಬಹುದು: ಮೊದಲು ದೇವರಿಗೆ ಕೃತಜ್ಞತೆ, ತಪ್ಪು ಕಾಣುವ ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ಹಿಂತಿರುಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೊಂದು ಸಂಕಲ್ಪ. ತಪ್ಪಿನ ಪಟ್ಟಿಯಿಂದ ಶುರುಮಾಡಬೇಡಿ.

ಆತಂಕವೇ ಬರಬಾರದು ಅಂತೇನಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ಕಳವಳಪಟ್ಟರು. ಆದರೆ ನಿದ್ದೆ, ಊಟ ಕೆಟ್ಟಿದ್ದರೆ ವೈದ್ಯರನ್ನೂ ಕಾಣಿ. ಅತಿಯಾದ ಉಪವಾಸದಿಂದ ಆರೋಗ್ಯ ಕೆಡಿಸಿಕೊಂಡಿದ್ದ ಇಗ್ನೇಷಿಯಸ್, ಮುಂದೆ ತಮ್ಮವರಿಗೆ ದೇಹವನ್ನು ಜೋಪಾನ ಮಾಡಲು ಹೇಳುತ್ತಿದ್ದರು.