‘ನಾನು’ ಬಂದರೆ ಇಂಗ್, ‘ನನಗೆ’ ಬಂದರೆ ಬೇಡ

ಇಂಗ್ಲಿಷಿನ ‘ಗೋ’, ‘ಈಟ್’ ಕ್ರಿಯಾಪದಗಳಿಗೆ ‘ಇಂಗ್’ (-ing) ಸೇರಿಸಿದರೆ ಸರಿ, ‘ನೋ’, ‘ಹ್ಯಾವ್’ಗಳಿಗೆ ಸೇರಿಸಿದರೆ ತಪ್ಪು ಎನ್ನುತ್ತಾರೆ, ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಈ ಗುಂಡಿಗೆ ನಾನೂ ಬಿದ್ದು ಎದ್ದವನು. ಕೋಲಾರದ ಹತ್ತಿರ ನರಸಾಪುರದ ಕಾರ್ಖಾನೆಯೊಂದರ ಸಂದರ್ಶನದಲ್ಲಿ ‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಎಂದಿದ್ದೆ. ಎದುರಿಗಿದ್ದವರು ತುಟಿ ಕಚ್ಚಿಕೊಂಡು ನಕ್ಕರು. ಕೆಲಸವೇನೋ ಸಿಕ್ಕಿತು, ನಗುವಿನ ಕಾರಣ ತಿಳಿಯಲು ವರ್ಷ ಹಿಡಿಯಿತು. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಎಂದರೆ ಊಟ ಮಾಡುತ್ತಿದ್ದೇನೆ ಎಂದರ್ಥ. ನಾನು ಇಬ್ಬರು ಅಕ್ಕಂದಿರನ್ನೂ ಎಲೆಗೆ ಬಡಿಸಿಕೊಂಡಿದ್ದೆ!

ವ್ಯಾಕರಣದ ಪುಸ್ತಕಗಳು ಇಂಥವನ್ನು ‘ಸ್ಟೇಟಿವ್’, ಅಂದರೆ ಸ್ಥಿತಿಯನ್ನು ಹೇಳುವ, ಕ್ರಿಯಾಪದಗಳೆಂದು ಕರೆದು ಉದ್ದನೆಯ ಪಟ್ಟಿ ಕೊಡುತ್ತವೆ. ಅದನ್ನು ಬಾಯಿಪಾಠ ಮಾಡುವ ಶಿಕ್ಷೆ ಬೇಡ. ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ‘ನನಗೆ’ ಎಂದು ಶುರುವಾದರೆ ಇಂಗ್ ಬೇಡ. ನನಗೆ ಗೊತ್ತು, ಐ ನೋ. ನನಗೆ ಬೇಕು, ಐ ವಾಂಟ್. ನನಗೆ ಇಷ್ಟ, ಐ ಲೈಕ್. ನನಗೆ ಇಬ್ಬರು ಅಕ್ಕಂದಿರಿದ್ದಾರೆ, ಐ ಹ್ಯಾವ್. ಇಲ್ಲೆಲ್ಲ ನೀವು ಏನನ್ನೂ ಮಾಡುತ್ತಿಲ್ಲ, ಸುಮ್ಮನೆ ಇದ್ದೀರಿ. ‘ನಾನು’ ಎಂದು ಶುರುವಾಗಿ ‘ಉತ್ತಿದ್ದೇನೆ’ ಎಂದು ಮುಗಿದರೆ ಧೈರ್ಯವಾಗಿ ಇಂಗ್ ಹಾಕಿ. ನಮ್ಮ ಜಿಲ್ಲೆಯಲ್ಲಿ ಮನೆಮಾತು ತೆಲುಗಾಗಿರುವವರೂ ಬಹಳ. ಅವರ ‘ನಾಕು ತೆಲುಸು’ (ನನಗೆ ಗೊತ್ತು), ‘ನಾಕು ಕಾವಾಲಿ’ (ನನಗೆ ಬೇಕು) ಎಂಬ ಮಾತುಗಳಿಗೂ ಇದೇ ಉಪಾಯ ಒದಗುತ್ತದೆ.

‘ಥಿಂಕ್’ ಎಂಬ ಒಂದೇ ಪದ ಎರಡು ಕಡೆಯೂ ಓಡಾಡುತ್ತದೆ. ಕೆಲಸ ಬಿಡಬೇಕೆಂದು ನಾನು ಯೋಚಿಸುತ್ತಿದ್ದರೆ ‘ಐ ಆ್ಯಮ್ ಥಿಂಕಿಂಗ್’. ಇವತ್ತು ಮಳೆ ಬರುತ್ತದೆ ಎಂದು ನನಗೆ ಅನಿಸಿದರೆ ಬರೀ ‘ಐ ಥಿಂಕ್’. ಇದು ಹೊಳೆದ ದಿನ ನನಗಾದ ಸಂತೋಷ ಸಂಬಳ ಏರಿದಾಗಲೂ ಆಗಿಲ್ಲ.

ಎಡವುವುದು ‘ಕಾಣಿಸುತ್ತಿದೆ’, ‘ಕೇಳಿಸುತ್ತಿದೆ’ಗಳಲ್ಲಿ. ಕನ್ನಡದಲ್ಲೇ ‘ಉತ್ತಿದೆ’ ಇರುವುದರಿಂದ ಫೋನಿನಲ್ಲಿ ‘ಆರ್ ಯೂ ಹಿಯರಿಂಗ್ ಮಿ’ ಎಂದುಬಿಡುತ್ತೇವೆ. ಬಾಲ ನೋಡಬೇಡಿ, ತಲೆ ನೋಡಿ: ‘ನಿಮಗೆ’ ಕೇಳಿಸುತ್ತಿದೆಯೇ? ಹಾಗಾದರೆ ‘ಕ್ಯಾನ್ ಯೂ ಹಿಯರ್ ಮಿ’.

ಈ ಉಪಾಯ ಕೈಕೊಡುವುದೂ ಉಂಟು. ‘ನನಗೆ ಸುಸ್ತಾಗುತ್ತಿದೆ’ ಎನ್ನುವಲ್ಲಿ ಸ್ಥಿತಿ ಬದಲಾಗುತ್ತಿರುವುದರಿಂದ ‘ಐ ಆ್ಯಮ್ ಗೆಟಿಂಗ್ ಟೈರ್ಡ್’ ಸರಿಯೇ. ಅಂಥವು ಕೆಲವೇ, ರೂಢಿಯಲ್ಲಿ ತಿಳಿಯುತ್ತವೆ.

ಕೊನೆಗೆ, ನೀವು ಕೇಳದೇ ಇದ್ದ ಒಂದು ಮಾತು. ನಿಮ್ಮ ಊರು ಯಾವುದೆಂದು ಕೇಳಿದರೆ ‘ಐ ಆ್ಯಮ್ ಫ್ರಂ ಕೋಲಾರ್’ ಎನ್ನಿ, ನಡುವೆ ‘ಕಮಿಂಗ್’ ತುರುಕಬೇಡಿ. ನನ್ನ ಸಹೋದ್ಯೋಗಿಯೊಬ್ಬರು ಕಾರ್ಖಾನೆಯಲ್ಲೇ ಕುಳಿತು, ಹೊರರಾಜ್ಯದ ಗ್ರಾಹಕರಿಗೆ ಫೋನಿನಲ್ಲಿ ‘ಐ ಆ್ಯಮ್ ಕಮಿಂಗ್ ಫ್ರಂ ಕೋಲಾರ್’ ಎಂದು ಪರಿಚಯ ಹೇಳಿಕೊಂಡರು. ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ಆ ಕಡೆಯಿಂದ ಕೇಳಿದರಂತೆ.