ಬೆಳೆದ ಎಲುಬು ಕರಗಿಸೋಕೆ ಗುಳಿಗೆ ಇದೆಯಾ, ಡಾಕ್ಟ್ರೇ?

ಓದುಗರ ಪ್ರಶ್ನೆಗಳಿಗೆ ಈ ಸಲ ಬಳ್ಳಾರಿಯ ಎಲುಬು–ಕೀಲು ತಜ್ಞರೊಬ್ಬರ ಉತ್ತರ.

ಪ್ರಶ್ನೆ: ನನ್ನ ತಮ್ಮನಿಗೆ 32 ವರ್ಷ. ಬೈಕಿನಿಂದ ಬಿದ್ದು ಸೊಂಟದ ಕೀಲಿನ ಬಟ್ಟಲು ಒಡೆದಿತ್ತು. ಹಿಂದಿನಿಂದ ಕೊಯ್ದು ಪ್ಲೇಟ್ ಹಾಕಿದರು. ಇಂಡೋಮೆಥಾಸಿನ್ ಅನ್ನೋ ಗುಳಿಗೆ ಆರು ವಾರಕ್ಕೆ ಬರೆದಿದ್ದರು. ಹೊಟ್ಟೆ ಉರಿ ಅಂತ ಹತ್ತು ದಿನಕ್ಕೇ ಬಿಟ್ಟ. ಈಗ ನಾಲ್ಕು ತಿಂಗಳು. ನೆಲದ ಮೇಲೆ ಕೂರೋಕೆ ಆಗುತ್ತಿಲ್ಲ. ಕೀಲಿನ ಸುತ್ತ ಎಲುಬು ಬೆಳೆದಿದೆ ಅಂತಾರೆ. ಕರಗಿಸೋಕೆ ಔಷಧ ಇದೆಯಾ? ಗುಳಿಗೆ ಬಿಟ್ಟಿದ್ದಕ್ಕೇ ಹೀಗಾಯ್ತಾ? (ಸಂಡೂರಿನ ಓದುಗರು)

ಉತ್ತರ: ಕರಗಿಸುವ ಔಷಧ ಇಲ್ಲ. ಗುಳಿಗೆ, ಪುಡಿ, ಲೇಪ, ಇಂಜೆಕ್ಷನ್ ಯಾವುದೂ ಇಲ್ಲ. ಇದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಎಷ್ಟು ಸಲ ಬರುತ್ತೆ ಅಂದ್ರೆ, ಬೇಸರಕ್ಕೇ ಈ ಸಲ ಉದ್ದ ಉತ್ತರ ಬರೀತಿದ್ದೀನಿ. ಎಲ್ಲರೂ ಕೇಳೋದು ನಾಲ್ಕು ತಿಂಗಳಾದ ಮೇಲೆ. ಆಪರೇಷನ್ ಆದ ಮೊದಲ ಮೂರು ದಿನದಲ್ಲಿ "ಎಲುಬು ಬೆಳೀದ ಹಾಗೆ ಏನು ಮಾಡ್ತೀರಿ?" ಅಂತ ಯಾರೂ ಕೇಳೋದಿಲ್ಲ. ತಡೆಯೋಕೆ ಆಗೋದು ಆಗ ಮಾತ್ರ.

ನಡೆಯೋದು ಇಷ್ಟು. ಬಟ್ಟಲು ಒಡೆಯುವಷ್ಟು ಪೆಟ್ಟು ಬಿದ್ದಾಗ ಕುಂಡೆಯ ಒಳಗಿನ ಸ್ನಾಯುಗಳೂ ಜಜ್ಜಿ ಹೋಗಿರುತ್ತವೆ. ಹಿಂದಿನಿಂದ ಕೊಯ್ದು ಹೋಗುವಾಗ ಅದೇ ಸ್ನಾಯುಗಳನ್ನು ನಾವು ಮತ್ತೆ ಸರಿಸಿ, ಎಳೆದು ಹಿಡಿಯಬೇಕು. ಗಾಯ ಮಾಯಿಸಲು ಬಂದ ಜೀವಕೋಶಗಳು ಅಲ್ಲಿ ದಾರಿ ತಪ್ಪಿ, ಮಾಂಸದ ನಡುವೆ ಎಲುಬು ಕಟ್ಟಲು ಶುರು ಮಾಡುತ್ತವೆ. ಈ ತಯಾರಿ ಮೊದಲ ಒಂದೆರಡು ದಿನದಲ್ಲೇ ಶುರು. ಎಕ್ಸ್‌ರೇಯಲ್ಲಿ ಕಾಣೋಕೆ ಮಾತ್ರ ಮೂರರಿಂದ ಆರು ವಾರ ಬೇಕು. ಆಗಲೂ ಕೀಲಿನ ಪಕ್ಕ ಹತ್ತಿ ಎಳೆದು ಅಂಟಿಸಿದ ಹಾಗೆ ಮಸುಕಾಗಿರುತ್ತೆ. ತಿಂಗಳುಗಳು ಕಳೆದಂತೆ ಅದರ ಅಂಚು ಗಟ್ಟಿ ಗೆರೆಯಾಗುತ್ತೆ.

ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಬರೋದಿಲ್ಲ. ಮುಂದಿನಿಂದ, ಅಂದರೆ ತೊಡೆಸಂದಿಯ ಕಡೆಯಿಂದ ಹೋದರೆ ಅಪಾಯ ಕಡಿಮೆ. ಹಿಂದಿನಿಂದ ಹೋದರೆ ಜಾಸ್ತಿ. ಎರಡೂ ಬದಿ ಕಾಣುವಂತೆ ದೊಡ್ಡದಾಗಿ ತೆರೆದರೆ ಇನ್ನೂ ಜಾಸ್ತಿ. ತಲೆಗೂ ಪೆಟ್ಟು ಬಿದ್ದು ವೆಂಟಿಲೇಟರ್ ಮೇಲೆ ದಿನಗಟ್ಟಲೆ ಇದ್ದವರಿಗೆ, ಗಂಡಸರಿಗೆ, ಆಪರೇಷನ್ ತಡವಾದವರಿಗೂ ಹಾಗೇ. ಹಾಗಂತ ಹಿಂದಿನಿಂದ ಕೊಯ್ದಿದ್ದೇ ತಪ್ಪು ಅನ್ನಬೇಡಿ. ಬಟ್ಟಲಿನ ಹಿಂದಿನ ಗೋಡೆ ಒಡೆದಿದ್ದರೆ ಅಲ್ಲಿಗೆ ಹೋಗೋ ದಾರಿ ಅದೇ. ಸರ್ಜನ್ ಕೈಯಲ್ಲಿರೋದು ಸ್ನಾಯುವನ್ನು ಜತನವಾಗಿ ಹಿಡಿಯೋದು, ಹೊಲಿಯುವ ಮುಂಚೆ ಸತ್ತ ಮಾಂಸ ತೆಗೆಯೋದು, ಚೆನ್ನಾಗಿ ತೊಳೆಯೋದು. ಗುಳಿಗೆಯ ಮಾತು ಆಮೇಲಿನದು.

ಇನ್ನು ತಮ್ಮ ಬಿಟ್ಟ ಗುಳಿಗೆ. ಇಂಡೋಮೆಥಾಸಿನ್ ಒಂದು ನೋವಿನ ಗುಳಿಗೆ, ಇಲ್ಲಿ ಬೇಡದ ಎಲುಬು ಬೆಳೀದ ಹಾಗೆ ಅಂತ ಕೊಡೋದು. 25 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಇಲ್ಲವೇ ನಿಧಾನಕ್ಕೆ ಬಿಡುಗಡೆಯಾಗುವ 75 ಮಿಲಿಗ್ರಾಂ ಒಂದು ಸಲ, ಆರು ವಾರ. ಇದು ಹಳೆಯ ರೂಢಿ. ಈಗಲೂ ತುಂಬಾ ಜನ ಬರೀತಾರೆ. ಆದರೆ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ಇಂಡೋಮೆಥಾಸಿನ್, ಉಳಿದವರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟು ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2014ರ ಇನ್ನೊಂದರಲ್ಲಿ, ಆರು ವಾರ ನುಂಗಿದವರಲ್ಲಿ ಬಟ್ಟಲಿನ ಹಿಂದಿನ ಗೋಡೆ ಕೂಡದೇ ಉಳಿದದ್ದು ಜಾಸ್ತಿ ಕಂಡಿತು. ಬೇಡದ ಎಲುಬು ತಡೆಯುವ ಔಷಧ ಬೇಕಾದ ಎಲುಬನ್ನೂ ತಡೆಯುತ್ತೆ. ತೊಡೆ ಎಲುಬೋ ಕಾಲಿನ ಎಲುಬೋ ಜೊತೆಗೇ ಮುರಿದಿದ್ದರೆ ಅದು ಕೂಡೋದಕ್ಕೂ ಅಡ್ಡಿಯಾಗಬಹುದು. ಹಾಗಾಗಿ ನಾನು ಎಲ್ಲರಿಗೂ ಬರೆಯೋದಿಲ್ಲ. ಅಪಾಯ ಜಾಸ್ತಿ ಇದ್ದವರಿಗೆ, ಅದೂ ಕಡಿಮೆ ದಿನಕ್ಕೆ. ಬೇರೆ ತಜ್ಞರು ಒಪ್ಪದೇ ಇರಬಹುದು. ಇದು ಇನ್ನೂ ತೀರ್ಮಾನವಾಗದ ವಿಷಯ.

ಆದ್ದರಿಂದ ಗುಳಿಗೆ ಬಿಟ್ಟಿದ್ದಕ್ಕೇ ಹೀಗಾಯ್ತು ಅಂತ ತಮ್ಮನನ್ನು ದೂರಬೇಡಿ. ದೂರೋದಾದರೆ, ಡಾಕ್ಟರಿಗೆ ಹೇಳದೇ ಬಿಟ್ಟಿದ್ದಕ್ಕೆ ದೂರಿ. ಹೊಟ್ಟೆ ಉರಿ ಅಂದಿದ್ದರೆ ಜೊತೆಗೆ ಪ್ಯಾಂಟೊಪ್ರಜೋಲ್ ಕೊಡುತ್ತಿದ್ದರು, ಇಲ್ಲಾ ಅವರೇ ನಿಲ್ಲಿಸುತ್ತಿದ್ದರು. ಮಲ ಕಪ್ಪಗೆ ಹೋದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರಬೇಡಿ. ಗುಳಿಗೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಬನ್ನಿ.

ರೋಗಿಗಳು ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಕವರ್ ಸುರಿದಾಗ ನನಗೆ ನಿಜವಾಗಿ ಭಯವಾಗುತ್ತೆ. ಇಂಡೋಮೆಥಾಸಿನ್ ಪಟ್ಟಿ. ಅದರ ಪಕ್ಕ ನೋವಿಗೆ ಅಂತ ಮೆಡಿಕಲ್ ಶಾಪಿನವರು ಕೊಟ್ಟ ಡೈಕ್ಲೋಫೆನಾಕ್. ರಕ್ತ ಹೆಪ್ಪುಗಟ್ಟದ ಹಾಗೆ ನಾವೇ ಬರೆದ ಗುಳಿಗೆ. ಅಪ್ಪನ ಡಬ್ಬಿಯಿಂದ ತೆಗೆದ ಇನ್ಯಾವುದೋ ಒಂದು, ಅದಕ್ಕೆ ಹೆಸರೂ ಇಲ್ಲ, ಅರ್ಧ ಹರಿದ ಪಟ್ಟಿ. ಇಷ್ಟೂ ಒಟ್ಟಿಗೆ ನುಂಗಿದರೆ ಹೊಟ್ಟೆಯಲ್ಲಿ ರಕ್ತ ಸೋರುತ್ತೆ, ಕಿಡ್ನಿ ಕೆಡುತ್ತೆ. ನಮ್ಮ ಬಳ್ಳಾರಿ, ರಾಯಚೂರಿನ ಏಪ್ರಿಲ್–ಮೇ ಬಿಸಿಲಿನಲ್ಲಂತೂ ಇನ್ನೂ ಬೇಗ. ಎದ್ದು ಬಾತ್‌ರೂಮಿಗೆ ಹೋಗೋದು ಕಷ್ಟ ಅಂತ ರೋಗಿ ನೀರೇ ಕುಡಿದಿರೋದಿಲ್ಲ. ಬಿಪಿ, ಸಕ್ಕರೆ ಕಾಯಿಲೆ ಇದ್ದು ವಯಸ್ಸಾದವರಾದರೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತ ಪರೀಕ್ಷೆ) ನೋಡದೆ ಈ ಗುಳಿಗೆ ಶುರು ಮಾಡಲೇಬಾರದು.

ಗುಳಿಗೆ ಬೇಡ ಅಂದ್ರೆ ಇನ್ನೊಂದು ದಾರಿ ರೇಡಿಯೇಷನ್. ಒಂದೇ ಸಲ, 7ರಿಂದ 8 ಗ್ರೇ (ಗ್ರೇ ಅಂದ್ರೆ ರೇಡಿಯೇಷನ್ ಅಳೆಯುವ ಲೆಕ್ಕ). ಆಪರೇಷನ್ ಆಗಿ 72 ಗಂಟೆಯೊಳಗೆ ಮುಗಿಸಬೇಕು. ಮುಂದೆ ಮಕ್ಕಳಾಗಬೇಕಾದ ಹೆಣ್ಣುಮಕ್ಕಳಿಗೆ, ಬೆಳೆಯುವ ಮಕ್ಕಳಿಗೆ ನಾನು ಇದನ್ನು ಹೇಳೋದಿಲ್ಲ. ಆಪರೇಷನ್ ಆದ ಆಸ್ಪತ್ರೆಯಲ್ಲೇ ರೇಡಿಯೇಷನ್ ಯಂತ್ರ ಇದ್ದರೆ ಸರಿ. ಇಲ್ಲದಿದ್ದರೆ ಹೊಲಿಗೆ ಹಸಿಯಿರುವಾಗಲೇ ರೋಗಿಯನ್ನು ಆಂಬುಲೆನ್ಸಿನಲ್ಲಿ ಹಾಕಿಕೊಂಡು ಬೇರೆ ಊರಿಗೆ ಓಡಬೇಕು. ಇದನ್ನು ಆಪರೇಷನ್‌ಗೆ ಮುಂಚೆಯೇ ಯೋಚಿಸಬೇಕಿತ್ತು, ಅಲ್ವಾ?

ಈಗ ತಮ್ಮ ಏನು ಮಾಡಬೇಕು? ಮೊದಲು, ಕೂರೋಕೆ ಆಗದೇ ಇರೋದು ಈ ಎಲುಬಿನಿಂದಲೇ ಅಂತ ಖಚಿತ ಮಾಡಿಕೊಳ್ಳಿ. ತೊಡೆ ಎಲುಬಿನ ಗುಂಡು ತುದಿಗೆ ರಕ್ತ ಹೋಗೋದು ನಿಂತು ಅದು ಕುಸಿದಿದ್ದರೂ, ಸ್ಕ್ರೂ ಕೀಲಿನೊಳಗೆ ಬಂದಿದ್ದರೂ, ಒಳಗೆ ಕೀವಾಗಿದ್ದರೂ ಕೀಲು ಬಿಗಿಯುತ್ತೆ. ಸಿಟಿ ಸ್ಕ್ಯಾನ್‌ನಲ್ಲಿ ಬಹುಪಾಲು ಗೊತ್ತಾಗುತ್ತೆ, ಕೀವಿನ ಅನುಮಾನ ಇದ್ದರೆ ರಕ್ತ ಪರೀಕ್ಷೆಯೂ ಬೇಕು. ಬೆಳೆದ ಎಲುಬಿಗೆ ನಾವು 1973ರಿಂದ ಬ್ರೂಕರ್ ಪದ್ಧತಿಯಲ್ಲಿ ನಾಲ್ಕು ದರ್ಜೆ ಹೇಳುತ್ತೇವೆ. ಒಂದು, ಎರಡರಲ್ಲಿ ಸಾಮಾನ್ಯವಾಗಿ ಓಡಾಟಕ್ಕೆ ತೊಂದರೆ ಇಲ್ಲ. ಮೂರನೆಯದರಲ್ಲಿ ಎರಡು ಕಡೆಯ ಎಲುಬಿನ ನಡುವೆ 1 ಸೆಂಟಿಮೀಟರ್ ಜಾಗವೂ ಉಳಿದಿರೋದಿಲ್ಲ. ನಾಲ್ಕರಲ್ಲಿ ಸೇತುವೆ ಕಟ್ಟಿ ಕೀಲು ನಿಂತೇ ಹೋಗಿರುತ್ತೆ. ತಮ್ಮನದು ಎಷ್ಟನೇ ದರ್ಜೆ ಅಂತ ನೀವು ಬರೆದಿಲ್ಲ. ಯಾರೂ ಬರೆಯೋದಿಲ್ಲ ಬಿಡಿ.

ಮೂರು ಅಥವಾ ನಾಲ್ಕಾಗಿದ್ದು, ಬದುಕು ನಡೆಸೋದೇ ಕಷ್ಟ ಅನ್ನಿಸಿದರೆ ಆಪರೇಷನ್ ಮಾಡಿ ತೆಗೆಯಬಹುದು. ನಾಲ್ಕನೇ ತಿಂಗಳಿಗೆ ನಾನು ಕೈ ಹಾಕೋದಿಲ್ಲ. ಎಲುಬು ಬಲಿತು ಅಂಚು ಸ್ಪಷ್ಟವಾಗಬೇಕು. ಅದಕ್ಕೆ ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಪಕ್ಕದಲ್ಲೇ ಕಾಲಿನ ದಪ್ಪ ನರ ಇರುತ್ತೆ, ಕೆಲವೊಮ್ಮೆ ಹೊಸ ಎಲುಬಿನೊಳಗೇ ಹೂತಿರುತ್ತೆ. ತೆಗೆದ ಮೇಲೂ ಮತ್ತೆ ಬೆಳೆಯದ ಹಾಗೆ ಅದೇ ಗುಳಿಗೆ ಅಥವಾ ರೇಡಿಯೇಷನ್ ಬೇಕು. ಅಲ್ಲಿವರೆಗೆ ಅವನೇ ತನ್ನ ಶಕ್ತಿಯಿಂದ, ನೋವು ತಡೆಯುವಷ್ಟು, ಕಾಲು ಮಡಚಿ ಚಾಚುತ್ತಿರಲಿ. ಬೇರೆಯವರು ಹಿಡಿದು ಬಗ್ಗಿಸೋದು ಬೇಡ.

ಪ್ರಶ್ನೆ: ನಮ್ಮೂರಲ್ಲಿ ಎಲುಬು ಕಟ್ಟುವವರು ಎಣ್ಣೆ ಹಾಕಿ ತಿಕ್ಕಿ, ಜಗ್ಗಿ ಬಿಡಿಸುತ್ತೇನೆ ಅಂತಾರೆ. ಮಾಡಿಸಬಹುದಾ? (ಮಾನ್ವಿ)

ಉತ್ತರ: ಬೇಡ. ಮುರಿದ ಮೊಣಕೈ ತಿಕ್ಕಿಸಿಕೊಂಡು ಕೈ ಮಡಚಲಾಗದ ಹಾಗೆ ಮಾಡಿಕೊಂಡ ಮಕ್ಕಳನ್ನು ಈ ಭಾಗದ ಪ್ರತಿ ಎಲುಬು ಡಾಕ್ಟರೂ ನೋಡಿದ್ದಾರೆ. ಅಲ್ಲೂ ಮಾಂಸದೊಳಗೆ ಬೆಳೆದದ್ದು ಇದೇ ಎಲುಬು. ಜಜ್ಜಿದ ಸ್ನಾಯುವನ್ನು ಮತ್ತೆ ಜಜ್ಜಿದರೆ ಅದು ಜಾಸ್ತಿಯಾಗುತ್ತೆ. ಸೊಂಟದಲ್ಲಿ ಜಗ್ಗಿದರೆ ಇನ್ನೂ ಕೂಡದ ಬಟ್ಟಲು ಜರುಗಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವವೇ ಹೋಗಬಹುದು. "ಅವರು ತಲೆಮಾರಿನಿಂದ ಮಾಡ್ತಿದ್ದಾರೆ ಸಾರ್" ಅಂತೀರಿ. ಮಾಡಲಿ, ನಿಮ್ಮ ಕಾಲಿನ ಮೇಲೆ ಬೇಡ.

ಪ್ರಶ್ನೆ: ಎಲುಬು ಬೆಳೆಯುತ್ತೆ ಅಂತ ಹಾಲು, ರಾಗಿ, ಮೊಟ್ಟೆ ಬಿಡಿಸಿದ್ದೇವೆ. ಸರೀನಾ? (ಗಂಗಾವತಿ)

ಉತ್ತರ: ಇವತ್ತೇ ಕೊಡಿ. ಕ್ಯಾಲ್ಸಿಯಂಗೂ ಇದಕ್ಕೂ ಸಂಬಂಧ ಇಲ್ಲ. ಮುರಿದ ಬಟ್ಟಲು ಏನು ತಿಂದು ಕೂಡಬೇಕು?

ಪ್ರಶ್ನೆ: ರೇಡಿಯೇಷನ್ ಅಂದರೆ ಅಪ್ಪನಿಗೆ ಕ್ಯಾನ್ಸರ್ ಇದೆ ಅಂತಲಾ? (ಕುಷ್ಟಗಿ)

ಉತ್ತರ: ಅಲ್ಲ.

ಪ್ರಶ್ನೆ: ಎಕ್ಸ್‌ರೇಯಲ್ಲಿ ಸಣ್ಣ ಚೂರು ಕಾಣುತ್ತೆ. ನೋವಿಲ್ಲ, ಹೊಲದ ಕೆಲಸ ಮಾಡ್ತೀನಿ. ತೆಗೆಸಲೇ? (ಸಿಂಧನೂರು)

ಉತ್ತರ: ಸುಮ್ನೆ ಬಿಡಿ. ಪದೇ ಪದೇ ಎಕ್ಸ್‌ರೇಯೂ ಬೇಡ.

ಪ್ರಶ್ನೆ: ಮೊಬೈಲಿನಲ್ಲಿ ಎಲುಬು ಕರಗಿಸುವ ಪುಡಿಯ ಜಾಹೀರಾತು ಬರುತ್ತೆ, ಮೂರು ತಿಂಗಳ ಕೋರ್ಸ್. (ಲಿಂಗಸುಗೂರು)

ಉತ್ತರ: ನನ್ನ ಮೊದಲ ಉತ್ತರದ ಮೊದಲ ಸಾಲು ಮತ್ತೆ ಓದಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದೂ ಉಂಟು. ನೋವು ಎರಡು ದಿನದಲ್ಲಿ ಮಾಯವಾದರೆ ಖುಷಿಪಡಬೇಡಿ, ಅನುಮಾನಪಡಿ.

ಪ್ರಶ್ನೆ: ಎಕ್ಸ್‌ರೇ ಫೋಟೋ ಕಳಿಸಿದ್ದೇನೆ, ನೋಡಿ ಗುಳಿಗೆ ಬರೆದುಕೊಡಿ. (ಹಲವರು)

ಉತ್ತರ: ಬರೆಯೋದಿಲ್ಲ. ಟ್ಯೂಬ್‌ಲೈಟಿಗೆ ಹಿಡಿದು ತೆಗೆದ ಫೋಟೋದಲ್ಲಿ ನನಗೆ ಕಾಣೋದು ಟ್ಯೂಬ್‌ಲೈಟ್ ಮಾತ್ರ. ಡಿಸ್ಚಾರ್ಜ್ ಚೀಟಿ, ಆಪರೇಷನ್‌ಗೆ ಮುಂಚಿನ ಮತ್ತು ನಂತರದ ಫಿಲ್ಮ್‌ಗಳು, ಸಿಟಿ ಸ್ಕ್ಯಾನಿನ ಸಿಡಿ, ಈಗ ನುಂಗುತ್ತಿರುವ ಎಲ್ಲ ಗುಳಿಗೆ ತೆಗೆದುಕೊಂಡು ಆಪರೇಷನ್ ಮಾಡಿದವರನ್ನೇ ಮೊದಲು ಕಾಣಿ. ಒಳಗೆ ಏನು ಕಂಡಿತ್ತು ಅಂತ ಗೊತ್ತಿರೋದು ಅವರಿಗೆ.